ಲಗಮಪ್ಪನನ್ನು ಹುಟ್ಟಿಸಿದ ಮಾಸ್ತರರು

ಹೋದ ವಾರ ಹುಕ್ಕೇರಿ ಬಸ್ಸಿನ ಕಂಡಕ್ಟರ ನಮ್ಮ ಸಾಲಿಯ ಮುಂದೆ ಬಸ್ಸು ನಿಲ್ಲಿಸಿ, ಬಾಗಿಲಲ್ಲಿ ಜೋತುಕೊಂಡೇ, "ನಿಮ್ಮ ಹಳೇ ಇಂಗ್ಲಿಷ್ ಮಾಸ್ತರ ಹ್ವಾದ್ರಂತ್ರಿ" ಎಂದು ಕೂಗಿದ. ಎಲ್ಲಿಗೆ ಎಂದು ಕೇಳುವವನಿದ್ದೆ. ಅವನ ಮುಖ ನೋಡಿ ತಿಳಿಯಿತು. ಬಸ್ಸು ಹೋಯಿತು. ನಾನು ಒಳಗೆ ಬಂದು, ಬಿಟ್ಟಿದ್ದ ವ್ಯಾಕರಣದ ಪಾಠವನ್ನು ಬಿಟ್ಟಲ್ಲಿಂದಲೇ ಹಿಡಿದೆ. ಹುಡುಗರು ಏನೋ ಕೇಳಿದರು, ನಾನು ಏನೋ ಹೇಳಿದೆ. ಮನೆಗೆ ಬಂದು ಕೈಕಾಲು ತೊಳೆದುಕೊಳ್ಳುವಾಗ ಅಳು ಬಂತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದು ಹೆಸರು ಬಾಯಿಂದ ಬಾಯಿಗೆ ಹೋದರೆ ಕೊನೆಗೆ ಯಾರ ಮನೆಯ ಕದ ಬಡಿಯುತ್ತದೆ ಎಂಬುದನ್ನು ನಾವಿಬ್ಬರೂ ಕಣ್ಣಾರೆ ಕಂಡವರು. ಇಂಗ್ಲಿಷ್ ಮಾಸ್ತರರು ಎಂದರೆ ಸಾಕು. ಗೋಕಾಕದಲ್ಲಿ ನನ್ನ ವಯಸ್ಸಿನವರಿಗೆ ಇಂಗ್ಲಿಷ್ ಮಾಸ್ತರರೆಂದರೆ ಅವರೊಬ್ಬರೇ. ಜೈಲಿನಿಂದ ಬಂದ ಮೇಲೆ ಅವರಿಗೆ ಯಾವ ಸಾಲಿಯೂ ಕೆಲಸ ಕೊಡಲಿಲ್ಲ. ಹುಕ್ಕೇರಿಗೆ ಹೋಗಿ ಕಚೇರಿಯ ಎದುರಿನ ಬೇವಿನ ಗಿಡದ ಕೆಳಗೆ ಒಂದು ಮಣೆ ಹಾಕಿಕೊಂಡು, ರೈತರಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆದುಕೊಡುತ್ತ ದಿನ ತೆಗೆದರು. ಒಳಗಿದ್ದಾಗ ಹತ್ತಿದ ಕೆಮ್ಮು ಕೊನೆಯವರೆಗೂ ಅವರನ್ನು ಬಿಡಲಿಲ್ಲ. ಅಂಥ ಮನುಷ್ಯ ಜೈಲಿಗೆ ಯಾಕೆ ಹೋದರು ಎಂದು ಈಗಿನ ಹುಡುಗರು ಕೇಳಿದರೆ, "ಚಳವಳಿ" ಎಂದು ಹೇಳಿ ಜನ ಮಾತು ಮುಗಿಸುತ್ತಾರೆ. ಮಾತು ಅಷ್ಟಕ್ಕೇ ಮುಗಿಯುವಂಥದಲ್ಲ.

ಸಣ್ಣ ಆಳು. ಕರಿ ಟೊಪ್ಪಿಗೆ, ಕೊರಳಿನವರೆಗೆ ಗುಂಡಿ ಹಾಕಿದ ಕೋಟು, ಕೋಟಿನ ಜೇಬಿನಲ್ಲಿ ಕಡಕ್ ರೊಟ್ಟಿಯ ಚೂರು. ಪಾಠದ ನಡುವೆ ಯಾರಾದರೂ ಬಿಕ್ಕಟ್ಟಿನ ಪ್ರಶ್ನೆ ಕೇಳಿದರೆ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಳ್ಳುವರು. ಅದನ್ನು ಅಗಿದು ನುಂಗುವವರೆಗೆ ವರ್ಗವೆಲ್ಲ ಕಾಯಬೇಕು. ಮದುವೆಯಾಗಿರಲಿಲ್ಲ. ಗಾಣದ ಹಿಂದಿನ ಒಂದು ಖೋಲಿಯಲ್ಲಿ ಇದ್ದರು. ಅವರ ಪುಸ್ತಕಗಳಿಗೆಲ್ಲ ಕುಸುಬಿ ಎಣ್ಣೆಯ ವಾಸನೆ. ಕಣ್ಣು ಮಂಜು. ನಾಲ್ಕು ಮಾರು ಆಚೆ ನಿಂತವರು ಯಾರೆಂದು ಗುರುತು ಸಿಗುತ್ತಿರಲಿಲ್ಲ. ಎತ್ತರವೆಂದರೆ ಜೀವ ಹೋಗುವಷ್ಟು ಹೆದರಿಕೆ. ಒಮ್ಮೆ ಹುಡುಗರನ್ನು ಗೋಕಾಕ ಫಾಲ್ಸಿಗೆ ಕರೆದುಕೊಂಡು ಹೋದಾಗ ತೂಗುಸೇತುವೆಯನ್ನು ಎಲ್ಲರೂ ಕುಣಿಯುತ್ತ ದಾಟಿದರು. ಇವರು ಈ ಕಡೆಯೇ ಒಂದು ಕಲ್ಲನ್ನು ಅಪ್ಪಿ ಹಿಡಿದು ಕೂತು, "ನೀವು ನೋಡಿ ಬರ್ರಿ, ಬಂದು ಇಂಗ್ಲಿಷಿನ್ಯಾಗ ಹೇಳ್ರಿ, ನಾ ನೋಡಿದಂಗ ಆಗತೈತಿ" ಎಂದರು.

ನನಗೆ ಅವರ ಮೇಲೆ ಹೊಟ್ಟೆಕಿಚ್ಚಿತ್ತು, ಯಾಕೆ ಮುಚ್ಚಿಡಲಿ. ನಾನು ಅದೇ ಸಾಲಿಯ ಕನ್ನಡ ಮಾಸ್ತರ. ಕನ್ನಡ ಮಾಸ್ತರನೆಂದರೆ ಹುಡುಗರಿಗೆ ಮನೆಯಲ್ಲಿ ಬಿದ್ದುಕೊಂಡಿರುವ ಕಾಕಾ ಇದ್ದಹಾಗೆ. ನಾನು ಎಷ್ಟು ಗಂಟಲು ಹರಿದುಕೊಂಡರೂ ಹಿಂದಿನ ಬೆಂಚಿನಲ್ಲಿ ಹುಣಸೆ ಬೀಜ ಉರುಳುತ್ತಿದ್ದವು. ಅವರು ಒಳಗೆ ಬಂದರೆ ಬೀಜಗಳು ತಾವಾಗಿ ಜೇಬು ಸೇರುತ್ತಿದ್ದವು.

ಒಂದು ಶಬ್ದಕ್ಕೆ ಅರ್ಥ ಹೇಳಿ ಮುಂದೆ ಹೋಗುವ ಜಾಯಮಾನ ಅವರದಲ್ಲ. ಶಬ್ದವನ್ನು ಹುಡುಗರು ಬಳಸಿ ಸವೆಸಬೇಕು. ‘ಪೇಶನ್ಸ್’ ಎಂಬುದನ್ನು ಕಲಿಸಲು ಇಡೀ ವರ್ಗವನ್ನು ಮಾಮಲೇದಾರ ಕಚೇರಿಯ ಮುಂದೆ ಒಯ್ದು ನಿಲ್ಲಿಸಿ, ಒಳಗಿನಿಂದ ಯಾರಾದರೂ ಕರೆಯುವವರೆಗೆ ಮಾತಾಡಬಾರದು ಎಂದರು. ಸಂಜೆಯಾದರೂ ಯಾರೂ ಕರೆಯಲಿಲ್ಲ. "ಈಗ ತಿಳೀತಿಲ್ಲೋ?" ಎಂದು ಎಲ್ಲರನ್ನೂ ಮನೆಗೆ ಕಳಿಸಿದರು.

‘ಫಿಕ್ಟಿಶಸ್’ ಎಂಬ ಶಬ್ದ ಬಂದದ್ದು ಯುದ್ಧ ಶುರುವಾದ ಮೇಲೆ. ಪಾಠದಲ್ಲಿ ಎಲ್ಲೋ ಒಂದು ಕಡೆ ಇತ್ತು. ಒಬ್ಬ ಹುಡುಗ ಎದ್ದು, "ಅಂದ್ರ ಸುಳ್ಳು ಅಲ್ಲೇನ್ರಿ ಸರ?" ಎಂದು ಕೇಳಿದ. ಮಾಸ್ತರರು ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟರು. ಅವರು ಟೊಪ್ಪಿಗೆ ತೆಗೆದರೆಂದರೆ ಮಾತು ಗಂಭೀರವಾಯಿತೆಂದು ಅರ್ಥ. ಬಾಜೂ ವರ್ಗದಲ್ಲಿದ್ದ ನಾನೂ ಗೋಡೆಗೆ ಕಿವಿ ಕೊಟ್ಟೆ.

"ಸುಳ್ಳು ಬ್ಯಾರೆ, ಇದು ಬ್ಯಾರೆ. ಸುಳ್ಳು ಹೇಳಾವ ಕೈ ಮುಚ್ಚಿಕೊಂಡಿರತಾನ. ಇದನ್ನ ಮಾಡಾವ ಕೈ ತೆರದು ತೋರಸತಾನ. ಇದು ಇಲ್ಲ, ನಾ ಹುಟ್ಟಿಸೇನಿ, ನೋಡ್ರಿ ಹೆಂಗೈತಿ ಅಂತಾನ. ಹುಟ್ಟಿಸಿದಾವ ಎದುರಿಗೆ ನಿಂತಿರೂತನಕ ಈ ಶಬ್ದ ಬಳಸಬೇಕು. ಅವ ಸರದು ಹ್ವಾದ ಅಂದ್ರ ಬಳಸಬಾರದು. ತಿಳೀತ?"

ಯಾರಿಗೂ ತಿಳಿಯಲಿಲ್ಲ. ತಿಳಿಯದಿದ್ದರೆ ಅವರಿಗೆ ಹುಮ್ಮಸ್ಸು ಬರುತ್ತಿತ್ತು. "ಹಂಗಾರ ಬರ್ರಿ, ಒಬ್ಬ ಮನಿಶ್ಯಾನ್ನ ಮಾಡೋಣು" ಎಂದರು.

ಪ್ರತಿ ಶನಿವಾರ ಕೊನೆಯ ತಾಸಿಗೆ ಆ ಮನುಷ್ಯನನ್ನು ಮಾಡುವ ಕೆಲಸ. ಯುದ್ಧದ ಕಾಲ, ಕಾಗದಕ್ಕೆ ಬರ. ಹಾಗಾಗಿ ಎಲ್ಲವೂ ಬಾಯಿಪಾಠ. ಒಬ್ಬೊಬ್ಬ ಹುಡುಗ ಒಂದೊಂದು ಇಂಗ್ಲಿಷ್ ವಾಕ್ಯ ಹೇಳಬೇಕು. ಹಿಂದೆ ಹೇಳಿದ್ದಕ್ಕೆ ವಿರುದ್ಧ ಹೋಗಬಾರದು. ಆಗದ ಮಾತು ಆಡಬಾರದು. "ದೆವ್ವ ಮಾಡಬ್ಯಾಡ್ರಿ, ಮನಿಶ್ಯಾನ್ನ ಮಾಡ್ರಿ. ಅಂವ ನಮ್ಮ ದಾರಿಮ್ಯಾಲೆ ನಡೀಬೇಕು, ನಮ್ಮ ಸಂತ್ಯಾಗ ಕುಂದರಬೇಕು" ಎಂದು ಮಾಸ್ತರರ ಕಟ್ಟಪ್ಪಣೆ.

ಹೆಸರು ಏನಿಡೋಣ ಎಂದಾಗ ಹುಡುಗರು ಲಗಮಪ್ಪ ಎಂದರು. ಅಡ್ಡಹೆಸರು ಯಾವುದು ಎಂಬ ಮಾತು ಬಂತು. ಮಾಸ್ತರರು ತಡೆದರು. "ಅಡ್ಡಹೆಸರು ಬ್ಯಾಡ. ಅಡ್ಡಹೆಸರು ಬಂದ್ರ ಮನಿತನ ಬಂತು. ಮನಿತನ ಬಂದ್ರ ಅದು ಯಾರದರೆ ಮನಿ ಆಗತೈತಿ. ಪಾಪ, ಯಾರಿಗೆ ಯಾಕ ತ್ರಾಸು." ಎಂಥ ಎಚ್ಚರಿಕೆಯ ಮನುಷ್ಯ ಎಂದು ನಾನು ಅಂದುಕೊಂಡೆ. ಅಡ್ಡಹೆಸರು ತೆಗೆದರೆ ಆ ಹೆಸರು ಯಾರಿಗೂ ಸೇರುವುದಿಲ್ಲ ಎಂದು ಅವರ ಲೆಕ್ಕ. ನಮ್ಮ ಸೀಮೆಯಲ್ಲಿ ಲಗಮಪ್ಪ ಇಲ್ಲದ ಊರೇ ಇಲ್ಲ, ಅಡ್ಡಹೆಸರಿಲ್ಲದ ಲಗಮಪ್ಪ ಎಲ್ಲರಿಗೂ ಸೇರುತ್ತಾನೆ ಎಂಬುದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಲಗಮಪ್ಪ ಬೆಳೆದ. ಎತ್ತರದ ಆಳಾದ. ಎಡಗಾಲು ಕುಂಟಾಯಿತು. ಹೆಗಲ ಮೇಲೆ ಹಗ್ಗದ ಸುರುಳಿ ಬಂತು. ಹಗ್ಗ ಮಾರುತ್ತ ಕಲ್ಲೋಳಿಯಿಂದ ಮೂಡಲಗಿಗೆ, ಅಲ್ಲಿಂದ ಮೇಲವಂಕಿಗೆ ನಡೆದ. ಬೆಲ್ಲದ ಚಹಾ ಕುಡಿದ. ಎತ್ತು ನೀರು ಕುಡಿಯುವವರೆಗೆ ತಾನು ಉಣ್ಣಲಿಲ್ಲ. ಒಂದು ಶನಿವಾರ ಹಿಂದಿನ ಬೆಂಚಿನ ಹುಡುಗನೊಬ್ಬ, ಸಾಹೇಬರ ಮೋಟಾರು ಬಂದರೆ ಲಗಮಪ್ಪ ಕೈ ಮುಗಿಯುವುದಿಲ್ಲ ಎಂದು ವಾಕ್ಯ ಮಾಡಿದ. ಮಾಸ್ತರರು, "ಯಾಕ ಮುಗಿಯೂದಿಲ್ಲ?" ಎಂದು ಕೇಳಿದರು. "ಕೈಯಾಗ ಹಗ್ಗ ಇರತಾವಲ್ರಿ ಸರ" ಎಂದ ಹುಡುಗ. ವರ್ಗ ಗೊಳ್ಳೆಂದು ನಕ್ಕಿತು. ಮಾಸ್ತರರೂ ಕಣ್ಣು ಮುಚ್ಚಿ, ತಮ್ಮ ಕಿವಿ ತಾವೇ ಹಿಂಡಿಕೊಂಡರು. ವಾಕ್ಯ ಬಹಳ ಚೆನ್ನಾಗಿದ್ದರೆ ಅವರು ಹಾಗೆ ಮಾಡುವುದು.

ಸಾಲಿಯ ಕಿಟಕಿ ಬಜಾರದ ಕಡೆ. ಹುಡುಗರು ಒಕ್ಕೊರಲಿನಿಂದ ಹೇಳುವ ವಾಕ್ಯಗಳು ಅಂಗಡಿಯವರಿಗೆಲ್ಲ ಕೇಳುತ್ತಿದ್ದವು. ಹಳ್ಳಿಯ ಹುಡುಗರು ಶನಿವಾರ ಮನೆಗೆ ಹೋಗಿ ಅವನ್ನೇ ಕನ್ನಡದಲ್ಲಿ ಹೇಳುತ್ತಿದ್ದರು. ಬರಬರುತ್ತ ಮೂರೂ ಕಡೆಯ ಸಂತೆಗಳಲ್ಲಿ ಲಗಮಪ್ಪ ಎಲ್ಲರ ಬಾಯಿಗೂ ಬಂದ. ತಡವಾಗಿ ಮನೆಗೆ ಬಂದ ಗಂಡ, "ಲಗಮಪ್ಪ ಸಿಕ್ಕಿದ್ದ, ಮಾತಾಡಕೋತ ನಿಂತೆ" ಎನ್ನುವನು. ಹೆಂಡತಿ, "ಮುಂದಿನ ಸಲ ಮನೀಗೆ ಕರಕೊಂಡ ಬಾ, ಅವನ ಇನ್ನೊಂದ ಕಾಲೂ ಮುರೀತೇನಿ" ಎನ್ನುವಳು. ಎಲ್ಲರಿಗೂ ಗೊತ್ತಿತ್ತು, ಅವನು ಸಾಲಿಯಲ್ಲಿ ಹುಟ್ಟಿದವನೆಂದು. ಗೊತ್ತಿದ್ದೇ ನಗುತ್ತಿದ್ದರು.

ಆಮೇಲೆ ಒಂದು ದಿನ ಮೂಡಲಗಿಯ ಅರಿವೆ ಅಂಗಡಿಯವನೊಬ್ಬ ಗೋಕಾಕಕ್ಕೆ ಬಂದಾಗ, ಸಂತೆ ಮುರಿದ ಮೇಲೆ ಬಯಲಿನ ಆಚೆ ಲಗಮಪ್ಪನನ್ನು ನೋಡಿದೆ ಎಂದ. ಕರೆದರೆ ತಿರುಗಿ ನೋಡಲಿಲ್ಲವಂತೆ. ಹೇಳುವಾಗ ಅವನ ಮುಖದಲ್ಲಿ ನಗೆಯಿರಲಿಲ್ಲ. ಮೇಲವಂಕಿಯಲ್ಲಿ ಒಬ್ಬ ಮುದುಕಿ, ಹಸಿದು ಬಂದರೆ ಇರಲಿ ಎಂದು ಅವನ ಪಾಲಿನದೊಂದು ರೊಟ್ಟಿ ತೆಗೆದಿಡುತ್ತಾಳೆಂದು ಅಲ್ಲಿಯ ಹುಡುಗ ಹೇಳಿದ. ನನಗೆ ಇದೆಲ್ಲ ತಮಾಷೆಯಾಗಿತ್ತು. ಮಾಸ್ತರರಿಗೆ ಆಗಿರಲಿಲ್ಲ.

"ಮಾಸ್ತರ, ಇವರು ಚಾಷ್ಟಿ ಮಾಡಾಕತ್ತಾರೋ, ಖರೇನ ಹೇಳಾಕತ್ತಾರೋ?" ಎಂದು ನನ್ನನ್ನು ಕೇಳಿದರು.

"ನಿಮ್ಮ ಹುಡುಗೂರ ಇಂಗ್ಲಿಷ್ ಅಷ್ಟ ಚಲೋ ಆಗೇತಿ ಅಂತ ತಿಳಕೋರಿ" ಎಂದೆ.

ಅವರು ನಗಲಿಲ್ಲ. ಮುಂದಿನ ಶನಿವಾರದಿಂದ ಲಗಮಪ್ಪನ ತಾಸು ನಿಂತಿತು. ಆದರೆ ಅವನು ಕಿಟಕಿ ದಾಟಿ ಬಹಳ ದೂರ ಹೋಗಿದ್ದ. ಕರೆದರೆ ತಿರುಗಿ ಬರುವವನಾಗಿರಲಿಲ್ಲ.

ಬಿಳಿಯರು ದೇಶ ಬಿಟ್ಟು ಹೋಗಲಿ ಎಂಬ ಕೂಗೆದ್ದ ವರ್ಷದ ಮಳೆಗಾಲ. ಘಟಪ್ರಭೆ ಕೆಂಪಾಗಿ ದಂಡೆ ಮುಟ್ಟಿ ಹರಿಯುತ್ತಿತ್ತು. ಸಾಲಿಯಲ್ಲಿ ಅರ್ಧಕ್ಕರ್ಧ ಬೆಂಚು ಖಾಲಿ. ಒಂದು ಮುಂಜಾನೆ ಎದ್ದು ನೋಡಿದರೆ ಮೂಡಲಗಿ ರಸ್ತೆಯ ಉದ್ದಕ್ಕೂ ಟೆಲಿಗ್ರಾಫಿನ ತಂತಿ ಕಡಿದು ಬಿದ್ದಿದ್ದವು. ಎರಡು ದಿನ ಬಿಟ್ಟು ಒಂದು ಊರಿನ ಚಾವಡಿಯ ದಫ್ತರಕ್ಕೆ ಬೆಂಕಿ ಬಿತ್ತು. ಬೇರೆ ಜಿಲ್ಲೆಯಿಂದ ಒಬ್ಬ ಫೌಜದಾರ ಬಂದೂಕಿನ ಪೋಲೀಸರನ್ನು ಕಟ್ಟಿಕೊಂಡು ಬಂದ. ಅವನಿಗೆ ಇಲ್ಲಿಯ ಊರೂ ಗೊತ್ತಿಲ್ಲ, ಜನರೂ ಗೊತ್ತಿಲ್ಲ.

ಒಂದು ಊರಿನ ಹಿರಿಯರನ್ನು ಮಳೆಯಲ್ಲಿ ಚಾವಡಿಯ ಮುಂದೆ ನಿಲ್ಲಿಸಿ, ಇದನ್ನು ಮಾಡಿದವರು ಯಾರು ಎಂದು ಕೇಳಿದ. ಮಾಡಿದವರು ಯಾರದೋ ಮನೆಯ ಮಕ್ಕಳು. ಯಾರ ಮನೆಯವರೆಂದು ಅಲ್ಲಿದ್ದ ಕೆಲವರಿಗಾದರೂ ಗೊತ್ತಿರಬೇಕು. ಹೇಳಿದರೆ ಆ ಮಕ್ಕಳು ಹೋದವು, ಹೇಳದಿದ್ದರೆ ಊರು ಹೋಯಿತು. ಆಗ ಒಬ್ಬ ಮುದುಕ, "ಲಗಮಪ್ಪ ಅನ್ನಾವ ರೀ" ಎಂದ.

"ಎಲ್ಲಿಯಾಂವ?"

"ತಿಳೀದ್ರಿ ಸಾಹೇಬ್ರ. ಬರತಾನ, ಹೋಗತಾನ."

"ಹೆಂಗದಾನ?"

"ಎತ್ತರದಾಳು ರೀ. ಎಡಗಾಲು ಕುಂಟ. ಹೆಗಲಿಗೆ ಹಗ್ಗ."

ಮುಂದಿನ ಊರಿನಲ್ಲೂ ಅದೇ ಹೆಸರು ಹೇಳಿದರು. ಅದರ ಮುಂದಿನ ಊರಿನಲ್ಲೂ ಅದೇ. ಯಾರೂ ಕೂಡಿ ಮಾತಾಡಿಕೊಂಡಿರಲಿಲ್ಲ. ಇಲ್ಲದವನ ಹೆಸರು ಹೇಳಿದರೆ ಯಾರಿಗೂ ಪೆಟ್ಟಿಲ್ಲ ಎಂದು ಎಲ್ಲರಿಗೂ ಒಂದೇ ಬುದ್ಧಿ ಹೊಳೆದಿತ್ತು.

ಸಾಲಿಯಲ್ಲಿ ಮಾಸ್ತರರು ಕೂಡುವ ಖೋಲಿಯಲ್ಲಿ ನಾವೆಲ್ಲ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸರಕಾರದ ಬಂದೂಕುಗಳು ಶನಿವಾರದ ಕೊನೆಯ ತಾಸನ್ನು ಹುಡುಕುತ್ತಿವೆ ಎಂದು ನಾನೇ ಅಂದೆ. ಇಂಗ್ಲಿಷ್ ಮಾಸ್ತರರು ಮೂಲೆಯಲ್ಲಿ ಕೂತಿದ್ದರು.

"ನಗಬ್ಯಾಡ್ರಿ. ನಿನ್ನಿತನಕ ಅಂವ ಇಲ್ಲ ಅನ್ನೂದು ಎಲ್ಲಾರಿಗೂ ಗೊತ್ತಿತ್ತು. ಈಗ ಗೊತ್ತಿಲ್ಲದಾವ ಒಬ್ಬ ಬಂದಾನ, ಅವನ ಕೈಯಾಗ ಬಂದೂಕ ಐತಿ."

ಅಂದಿನ ನಮ್ಮ ನಗೆ ಅಲ್ಲಿಗೇ ನಿಂತಿತು. ಫೌಜದಾರ ಲಗಮಪ್ಪಗಳನ್ನು ಹಿಡಿಸತೊಡಗಿದ. ಕಮತದವ ಲಗಮಪ್ಪ, ಕುರಿ ಕಾಯುವ ಲಗಮಪ್ಪ, ಹಲ್ಲಿಲ್ಲದ ಲಗಮಪ್ಪ, ಒಬ್ಬರನ್ನೂ ಬಿಡಲಿಲ್ಲ. ನಡೆಸಿ ನೋಡಿ, ಕಾಲು ನೆಟ್ಟಗಿದ್ದರೆ ಬಡಿದು ಬಿಡುತ್ತಿದ್ದರು. ಆ ದಿನಗಳಲ್ಲಿ ಬೀದಿಯಲ್ಲಿ ಯಾರೂ ಆ ಹೆಸರು ಹಿಡಿದು ಕೂಗುತ್ತಿರಲಿಲ್ಲ. ನಮ್ಮ ಬಾಜೂ ಮನೆಯ ತಾಯಿ ತನ್ನ ಮಗನನ್ನು, "ಏ ತಮ್ಮಾ, ಒಳಗ ಬಾ" ಎಂದಷ್ಟೇ ಕರೆಯುವಳು. ಆ ಹುಡುಗ ಎರಡು ಸಲ ಕರೆದರೂ ತನ್ನನ್ನಲ್ಲವೆಂದು ಆಡುತ್ತಲೇ ಇರುತ್ತಿದ್ದ. ಅವಳು ಓಡಿಬಂದು ರಟ್ಟೆ ಹಿಡಿದು ಎಳೆದೊಯ್ಯುವಳು.

ಕಲ್ಲೋಳಿ ಕಡೆ ಎತ್ತಿನ ಗೊರಸಿಗೆ ನಾಲ ಹೊಡೆಯುವವನೊಬ್ಬನಿದ್ದ. ಸಂತೆಯಿಂದ ಸಂತೆಗೆ ತಿರುಗುವುದು ಅವನ ಕಸುಬು. ಎತ್ತನ್ನು ಕೆಡವಿ ಕಾಲು ಕಟ್ಟಲು ಹಗ್ಗ ಬೇಕು, ಅದು ಸದಾ ಹೆಗಲ ಮೇಲೆ. ಹಿಂದೆ ಯಾವುದೋ ಎತ್ತು ಒದ್ದು ಅವನ ಎಡಮೊಣಕಾಲು ಮುರಿದಿತ್ತು. ಅವನ ಹೆಸರೂ ಲಗಮಪ್ಪ. ನಮ್ಮ ಸಾಲಿಯವರು ಯಾರೂ ಅವನನ್ನು ನೋಡಿದವರಲ್ಲ. ಆದರೆ ಸಾಲಿಯ ಲಗಮಪ್ಪನ ಸುದ್ದಿ ಸಂತೆಗೆ ಬಂದ ಮೇಲೆ ಅವನಿಗೆ ಚಾಷ್ಟಿ ಶುರುವಾಗಿತ್ತು. "ಏನಪಾ, ಇಂಗ್ಲಿಷಿನ ಲಗಮಪ್ಪ ನೀನ ಏನು?" ಎಂದು ಕೇಳುವರು. ಅವನು ಹಲ್ಲು ಬಿಟ್ಟು, "ಹೌದ್ರಿ, ನಾನ" ಎನ್ನುವನು. ಎಲ್ಲರೂ ನಗುವರು, ಅವನೂ ನಗುವನು. ಆವತ್ತು ಮೂಡಲಗಿ ಸಂತೆಯಲ್ಲಿ ಸಾದಾ ಅರಿವೆ ಉಟ್ಟ ಒಬ್ಬ ಬಂದು, "ಎಲ್ಲಾರೂ ಹೇಳೂ ಲಗಮಪ್ಪ ನೀನ ಏನು?" ಎಂದು ಕೇಳಿದ. ಪೋಲೀಸಿನವನೆಂದು ಇವನಿಗೇನು ಗೊತ್ತು. ದಿನದ ಹಾಗೆ ಹಲ್ಲು ಬಿಟ್ಟು, "ಹೌದ್ರಿ, ನಾನ" ಎಂದ.

ಅವನ ಹೆಂಡತಿ ಸಾಲಿಗೆ ಬಂದದ್ದು ಮಧ್ಯಾಹ್ನದ ಸೂಟಿಯಲ್ಲಿ. ಸೆರಗಿನ ತುಂಬ ಮಳೆ. ಪಡಸಾಲೆಯಲ್ಲಿ ನಿಂತು, "ಲಗಮಪ್ಪನ್ನ ಹುಟ್ಟಿಸಿದ ಮಾಸ್ತರ ಯಾರ್ರಿ?" ಎಂದು ಕೇಳಿದಳು. ಇಂಗ್ಲಿಷ್ ಮಾಸ್ತರರು ಹೊರಗೆ ಬಂದು, "ನಾನವ್ವಾ" ಎಂದರು.

ಬಯ್ಯುತ್ತಾಳೆಂದು ನಾನು ಕಾದೆ. ಅವಳು ಬಯ್ಯಲಿಲ್ಲ. "ಹಂಗಾರ ಅಂವ ಇಲ್ಲ ಅಂತ ಹೋಗಿ ಹೇಳ್ರಿ ಯಪ್ಪಾ. ಊರಾಗ ಯಾರೂ ಹೇಳಾಕ ಒಲ್ಲಂತಾರ. ಅಂವ ಇಲ್ಲ ಅಂದ್ರ ತಂತಿ ಕಡದಾವ ಯಾರು ಅಂತ ಕೇಳತಾರಂತ. ಅವರ ಮಕ್ಕಳು ಅವರಿಗೆ, ನನ್ನ ಗಂಡ ನನಗ. ನಿನ್ನಿ ಠಾಣೆಕ ಬುತ್ತಿ ಒಯ್ದಿದ್ದೆ. ನಮ್ಮ ಮನಿಯವರಿಗೆ ಕೈಬೆರಳು ಮಡಚಾಕ ಬರವಲ್ಲವು. ನಾನ ತಿನಿಸಿ ಬಂದೆ. ನಾಳಿಗೆ ಬೆಳಗಾವಿಗೆ ಒಯ್ತಾರಂತ, ಒಯ್ದ್ರ ಮುಗೀತ್ರಿ."

ಮಾಸ್ತರರು ಒಳಗೆ ಹೋಗಿ ಟೊಪ್ಪಿಗೆ ಹಾಕಿಕೊಂಡು ಬಂದರು. ಕಣ್ಣು ಸರಿಯಿಲ್ಲ, ಮಳೆ ಬೇರೆ, ಜತೆಗೆ ಬರುತ್ತೀರಾ ಎಂದು ನನ್ನನ್ನು ಕೇಳಿದರು. ಹೊರಟೆವು. ಅವಳು ಹಿಂದೆ ಬಂದಳು. ಬಜಾರದಲ್ಲಿ ನಮ್ಮನ್ನು ನೋಡಿದ ಅಂಗಡಿಯವರು ತಕ್ಕಡಿ ಹಿಡಿದ ಕೈ ಹಾಗೇ ನಿಲ್ಲಿಸಿಕೊಂಡರು.

"ಅವಳು ಹೇಳಿದ ಮಾತು ಖರೆ. ಅಂವ ಇಲ್ಲ ಅಂತ ಹೇಳೂದು ಸುಲಭ. ಅದರ ಮುಂದಿನ ಪ್ರಶ್ನೆಗೆ ಉತ್ತರ ಬೇಕಲ್ಲ" ಎಂದರು ಮಾಸ್ತರರು.

"ಗೊತ್ತಿಲ್ಲ ಅನ್ರಿ."

"ಗೊತ್ತಿಲ್ಲ ಅಂದ್ರ ಗೊತ್ತಿದ್ದವರನ್ನ ಹುಡುಕತಾರ. ಎಲ್ಲಾ ಊರಿಗೂ ಮತ್ತ ಹೋಗತಾರ."

"ಖರೇನ ನಿಮಗ ಗೊತ್ತೈತೇನ್ರಿ, ಯಾರು ಮಾಡಿದ್ದು ಅಂತ?"

ಅವರು ಜೇಬಿನಿಂದ ಒಂದು ಚೂರು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡರು. ಠಾಣೆ ಬರುವವರೆಗೂ ಅಗಿಯುತ್ತಲೇ ಇದ್ದರು.

ಫೌಜದಾರ ಒರಟನಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದದ್ದು. ಮಾಸ್ತರರಿಗೆ ಖುರ್ಚಿ ಕೊಟ್ಟ, ನನಗೆ ಬೆಂಚು ತೋರಿಸಿದ, ಚಹಾ ತರಿಸಲೇ ಎಂದ. ಒಳಗಿನ ಖೋಲಿಯಿಂದ ಯಾರೋ ನರಳುವುದು ಕೇಳುತ್ತಿತ್ತು. ಮಾಸ್ತರರು ಎಲ್ಲವನ್ನೂ ಬಿಡಿಸಿ ಹೇಳಿದರು. ಶಬ್ದ ಬಂದದ್ದು, ಶನಿವಾರದ ತಾಸು, ಹಗ್ಗ, ಕುಂಟು ಕಾಲು, ಬೆಲ್ಲದ ಚಹಾ. ಲಗಮಪ್ಪ ಫಿಕ್ಟಿಶಸ್, ಅವನನ್ನು ಹುಟ್ಟಿಸಿದವನು ನಾನು, ಒಳಗಿರುವ ಬಡವ ಬೇರೆ ಮನುಷ್ಯ, ಅವನನ್ನು ಬಿಡಬೇಕು ಎಂದರು.

"ಈ ಶಬ್ದ ನನಗೂ ಗೊತ್ತೈತ್ರಿ ಮಾಸ್ತರ" ಎಂದ ಫೌಜದಾರ. "ನಮ್ಮ ಕಾಯಿದೆಯಾಗೂ ಐತಿ. ಖೊಟ್ಟಿ ಹೆಸರು, ಖೊಟ್ಟಿ ಪತ್ತೆ. ಹೆಸರು ಖೊಟ್ಟಿ ಇದ್ದಲ್ಲೆ ಅದರ ಹಿಂದ ಖರೇ ಮನಿಶ್ಯಾ ಒಬ್ಬ ಇರತಾನ. ನಾವು ಹಂಗ ಬಳಸತೇವಿ."

"ಇದರ ಹಿಂದ ಯಾರೂ ಇಲ್ರಿ."

"ಇಲ್ಲಂದ್ರ ತಂತಿ ಹೆಂಗ ಕಡೀತು? ತಂತಿನೂ ನಿಮ್ಮ ಹುಡುಗೂರು ಹುಟ್ಟಿಸಿದ್ದೇನು?"

‘ನಿಮ್ಮ ಹುಡುಗರು’ ಎಂಬ ಮಾತನ್ನು ಅವನು ಸುಮ್ಮನೆ ಆಡಿದನೋ, ಬೇಕೆಂದೇ ಆಡಿದನೋ, ನನಗೆ ಇಂದಿಗೂ ತಿಳಿಯದು. ಮಾಸ್ತರರು ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟರು.

"ತಂತಿ ನಾ ಕಡದೇನ್ರಿ. ದಫ್ತರಕ್ಕ ಬೆಂಕಿ ಹಚ್ಚಿದಾವನೂ ನಾನ."

ನಾನು ಬೆಂಚಿನಿಂದ ಎದ್ದೆ. ಅವರು ನನ್ನ ಕಡೆ ನೋಡದೆಯೇ ಕೈ ತೋರಿಸಿ ಕೂಡ್ರಿಸಿದರು. ಫೌಜದಾರ ಅವರ ಸಣ್ಣ ಕೈಗಳನ್ನೂ ಚಪ್ಪಲಿಯನ್ನೂ ಬಹಳ ಹೊತ್ತು ನೋಡಿದ. ಆಮೇಲೆ ಬಾಗಿಲ ಹೊರಗಿನ ಹುಣಸೆ ಗಿಡದ ಕಡೆ ಬೆರಳು ಮಾಡಿ, "ಆ ಗಿಡದ ಕೆಳಗ ಯಾರು ನಿಂತಾರ ಹೇಳ್ರಿ" ಎಂದ. ಅಲ್ಲಿ ನಿಂತವಳು ಆ ಹೆಂಗಸು. ಮಾಸ್ತರರು ಕಣ್ಣು ಕಿರಿದು ಮಾಡಿ ನೋಡಿ, "ಕಾಣವಲ್ದ್ರಿ" ಎಂದರು.

"ಗಿಡದ ಕೆಳಗಿನ ಮನಿಶ್ಯಾ ಕಾಣವಲ್ದು. ರಾತ್ರ್ಯಾಗ ಕಂಬ ಏರಿ ತಂತಿ ಕಡದೀರಿ."

"ಹೌದ್ರಿ. ಬರಕೋರಿ."

ಫೌಜದಾರನಿಗೆ ಎಲ್ಲವೂ ತಿಳಿದಿತ್ತು. ತಿಳಿದೂ ಲೆಕ್ಕ ಹಾಕುತ್ತಿದ್ದ. ನಾಲ ಹೊಡೆಯುವವನೊಬ್ಬನನ್ನು ಬೆಳಗಾವಿಗೆ ಒಯ್ದರೆ ಮೇಲಿನವರು ಏನು ಮೆಚ್ಚುತ್ತಾರೆ. ಇಂಗ್ಲಿಷ್ ಬಲ್ಲ ಹೈಸ್ಕೂಲು ಮಾಸ್ತರನನ್ನು, ಅದೂ ತಾನಾಗಿ ಒಪ್ಪಿಕೊಂಡವನನ್ನು ಒಯ್ದರೆ ಮಾತೇ ಬೇರೆ. "ಮತ್ತ ಬ್ಯಾರೆ ಯಾರನ್ನೂ ನಾ ಹುಡುಕಬಾರದು, ಅಷ್ಟ ಹೌದಲ್ಲೋ?" ಎಂದು ಮೆಲ್ಲಗೆ ಕೇಳಿದ.

"ಹುಡುಕೂ ಕಾರಣ ಉಳಿಯೂದಿಲ್ರಿ."

ಅವನು ಬರೆಯಲು ದೌತಿಯ ಮಸಿಯಲ್ಲಿ ಟಾಕು ಅದ್ದಿದ.

ನಾಲ ಹೊಡೆಯುವ ಲಗಮಪ್ಪನನ್ನು ಹೊರಗೆ ತಂದರು. ಅವನಿಗೆ ರುಮಾಲು ಸುತ್ತಿಕೊಳ್ಳಲು ಆಗಲಿಲ್ಲ. ಹೆಂಡತಿ ಸುತ್ತಿದಳು. ಅವನು ಮಾಸ್ತರರ ಮುಂದೆ ನಿಂತು, "ನಾ ಚಾಷ್ಟಿಗೆ ಹೌದು ಅಂದೇನ್ರಿ, ಬರೇ ಚಾಷ್ಟಿಗೆ" ಎಂದು ಮಗುವಿನ ಹಾಗೆ ಅತ್ತ. ಮಾಸ್ತರರು ಅವನ ಎರಡೂ ಕೈಗಳನ್ನು ತಮ್ಮ ಕೈಯಲ್ಲಿ ಹಿಡಿದರು. ನಾನು ಮುಖ ತಿರುಗಿಸಿದೆ.

ಪೋಲೀಸರು ಅವರನ್ನು ಅದೇ ಖೋಲಿಯ ಕಡೆ ಕರೆದೊಯ್ಯುವಾಗ ಮಾಸ್ತರರು ನನ್ನ ಹತ್ತಿರ ಒಂದು ಗಳಿಗೆ ನಿಂತರು. "ನಾಳೆ ಮ್ಯಾಟ್ರಿಕ್ ವರ್ಗದಾಗ ಹೇಳ್ರಿ, ಲಗಮಪ್ಪ ಸತ್ತ ಅಂತ. ಇನ್ನ ಮ್ಯಾಲೆ ಯಾರೂ ಅವನ ಹೆಸರು ತಗೀಬಾರದು. ಅವನ ಕೆಲಸಾನೂ ಯಾರೂ ಮಾಡಬಾರದು. ಅಭ್ಯಾಸ ಮಾಡ್ರಿ ಅಂತ ಹೇಳ್ರಿ."

ಮರುದಿನ ನಾನು ಆ ವರ್ಗಕ್ಕೆ ಹೋದೆ. ಸುದ್ದಿ ನನಗಿಂತ ಮುಂಚೆ ಬಂದಿತ್ತು. ಯಾರೂ ಎದ್ದು ನಮಸ್ಕಾರ ಹೇಳಲಿಲ್ಲ. ಪಾಠ ತೆಗೆಯುವ ಧೈರ್ಯ ನನಗಿರಲಿಲ್ಲ. ನಿಂತಲ್ಲಿಂದಲೇ ಮಾಸ್ತರರ ಮಾತನ್ನು ಇದ್ದಕ್ಕಿದ್ದ ಹಾಗೆ ಹೇಳಿದೆ. ಹೇಳಿ ಮುಗಿಸಿ ನೋಡಿದರೆ, ಎಲ್ಲರೂ ನನ್ನ ಕಡೆ ನೋಡುತ್ತಿದ್ದಾರೆ, ಹಿಂದಿನ ಬೆಂಚಿನ ಮೂವರು ಮಾತ್ರ ತಲೆ ಎತ್ತಿರಲಿಲ್ಲ. ಒಬ್ಬನ ಅಂಗೈಗೆ ಅರಿವೆಯ ಪಟ್ಟಿ ಕಟ್ಟಿತ್ತು. ತಂತಿ ಕಡಿದವರು ಯಾರೆಂದು ಆಗ ನನಗೆ ತಿಳಿಯಿತು. ಮಾಸ್ತರರಿಗೆ ಮೊದಲೇ ಗೊತ್ತಿತ್ತೆಂಬುದೂ ತಿಳಿಯಿತು.

ಮೂವರೂ ಎದ್ದರು. ಪಟ್ಟಿ ಕಟ್ಟಿಕೊಂಡವನು, "ಸರ, ನಾವು ಠಾಣೆಕ ಹೋಗಿ ಬರತೇವ್ರಿ" ಎಂದ. ಸಂತೆಗೆ ಹೋಗಿ ಬರುವವರ ಹಾಗೆ ಹೇಳಿದ.

ನಾನು ಓಡಿಹೋಗಿ ಕದ ಹಾಕಿ, ಅಗಳಿ ಜಡಿದು, ಬೆನ್ನು ಕೊಟ್ಟು ನಿಂತೆ. "ಕೂಡ್ರಿ" ಎಂದೆ. ಅವರು ಕೂಡಲಿಲ್ಲ. "ನೀವು ಹ್ವಾದ್ರ ಅವರನ್ನೇನು ಬಿಡತಾರಂತ ತಿಳದೀರೇನು? ನಾಲ್ಕೂ ಮಂದೀನ ಇಟ್ಕೋತಾರ. ಅವರು ಹೋಗಿದ್ದು ದಂಡ ಆಗತೈತಿ. ಕೂಡ್ರೋ ಮಕ್ಕಳ್ಯಾ" ಎಂದು ಕೂಗಿದೆ.

ಅವನು ನನಗಿಂತ ಗೇಣು ಎತ್ತರ. ಬಂದು ಅಗಳಿಯ ಮೇಲಿದ್ದ ನನ್ನ ಕೈ ಮೇಲೆ ತನ್ನ ಪಟ್ಟಿ ಕಟ್ಟಿದ ಕೈ ಇಟ್ಟ. ತಳ್ಳಿದ್ದರೆ ನಾನು ಬೀಳುತ್ತಿದ್ದೆ. ತಳ್ಳಲಿಲ್ಲ. ಆ ಕೈ ತೆಗೆಯಲೂ ಇಲ್ಲ. ಹೊರಗೆ ಸೂಟಿಯ ಗಂಟೆ ಬಾರಿಸಿತು, ಉಳಿದ ವರ್ಗಗಳ ಹುಡುಗರು ಕೂಗುತ್ತ ಅಂಗಳಕ್ಕೆ ಓಡಿದರು. ನಾವಿಬ್ಬರೂ ಅಗಳಿ ಹಿಡಿದುಕೊಂಡೇ ನಿಂತಿದ್ದೆವು.